ನಾಯಿಮರಿ ಮಾರುವ ಅಂಗಡಿಗಳ ಮೇಲೆ ನಗರಸಭೆಯ ನಿಯಂತ್ರಣ: ಅಮೆರಿಕದ ಅನುಭವ

ಬಿತ್ತಿದ ಬೀಜ ಮೊಳೆಯದಿದ್ದರೆ ರೈತನು ಮೊದಲು ಹೋಗುವುದು ಬೀಜ ಕೊಂಡ ಅಂಗಡಿಗೆ. ಆ ಬೀಜ ಯಾವ ಊರಿನಲ್ಲಿ ಬೆಳೆದದ್ದು, ಯಾರು ಸಂಸ್ಕರಿಸಿದರು ಎಂಬುದು ಅವನಿಗೆ ತಿಳಿಯದು. ಚೀಲದ ಮೇಲಿನ ಚೀಟಿ ಮತ್ತು ಅಂಗಡಿಯವನು ಕೊಟ್ಟ ರಸೀದಿ, ಇವೆರಡೇ ಅವನ ಕೈಯಲ್ಲಿರುವ ಆಧಾರ. ಇದನ್ನರಿತೇ ನಮ್ಮ ದೇಶದ 1966ರ ಬೀಜ ಕಾಯಿದೆಯು ಅಂಗಡಿಗೇ ಹೋಗಿ ಮಾದರಿ ತೆಗೆಯುವ ಅಧಿಕಾರವನ್ನು ಬೀಜ ಪರಿವೀಕ್ಷಕರಿಗೆ ಕೊಟ್ಟಿತು. ಅದೇ 1966ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಾಯಿಗಳ ವ್ಯಾಪಾರವನ್ನು ಕುರಿತ ಕೇಂದ್ರ ಕಾಯಿದೆಯೊಂದು ಜಾರಿಗೆ ಬಂದಿತು. ಮೊದಲು ಪ್ರಯೋಗಶಾಲೆಗಳಿಗೆ ಹೋಗುವ ಪ್ರಾಣಿಗಳಿಗೆ ಮಾತ್ರ ಅನ್ವಯವಾಗುತ್ತಿದ್ದ ಅದನ್ನು 1970ರಲ್ಲಿ ಸಾಕುಪ್ರಾಣಿಗಳ ಸಗಟು ವ್ಯಾಪಾರಕ್ಕೂ ವಿಸ್ತರಿಸಲಾಯಿತು. ಆದರೆ ಚಿಲ್ಲರೆ ಅಂಗಡಿಯನ್ನು ಅದು ಹೊರಗೇ ಇಟ್ಟಿತು. ಈ ಬಿಟ್ಟುಹೋದ ಜಾಗವನ್ನು ಸುಮಾರು ನಾಲ್ಕು ದಶಕಗಳ ನಂತರ ತುಂಬಲು ಹೊರಟವು ಅಲ್ಲಿನ ನಗರಸಭೆಗಳು.

ಊರಿನ ಅಂಗಡಿಗೂ ರೈತನ ಕೊಟ್ಟಿಗೆಗೂ ಇರುವ ನಂಟು ಈ ಅನುಭವದಿಂದ ಚೆನ್ನಾಗಿ ತಿಳಿದುಬರುತ್ತದೆ. ಅಲ್ಲಿ ಮರಿಗಳನ್ನು ಎತ್ತಿ ಮಾರುತ್ತಿದ್ದವರು ಬಹುಮಟ್ಟಿಗೆ ರೈತ ಕುಟುಂಬದವರೇ. ನಮ್ಮಲ್ಲಿಯೂ ಬಾಗಲಕೋಟೆ ಜಿಲ್ಲೆಯ ಮುಧೋಳದ ಕಡೆ ನಾಯಿ ಸಾಕಣೆಯು ಹೊಲದ ಜೊತೆಗಿನ ಉಪಕಸುಬಾಗಿದೆ.

ಕೋಳಿಗೂಡಿನಲ್ಲಿ ನಾಯಿ

ಎರಡನೆಯ ಮಹಾಯುದ್ಧ ಮುಗಿದ ನಂತರದ ವರ್ಷಗಳಲ್ಲಿ ಅಮೆರಿಕದ ಮಧ್ಯಭಾಗದ ಮಿಸೌರಿ, ಕ್ಯಾನ್ಸಸ್, ಅಯೋವಾ ಮೊದಲಾದ ರಾಜ್ಯಗಳ ಸಣ್ಣ ರೈತರು ಆದಾಯಕ್ಕೆ ಬೇರೆ ದಾರಿ ಹುಡುಕತೊಡಗಿದರು. ಕೋಳಿ ಸಾಕಣೆ ದೊಡ್ಡ ಕಂಪನಿಗಳ ಕೈಗೆ ಹೋಗುತ್ತಿತ್ತು. ಹಿತ್ತಲಲ್ಲಿ ಖಾಲಿ ಬಿದ್ದ ಕೋಳಿಗೂಡು, ಮೊಲದ ಗೂಡುಗಳಿದ್ದವು. ಪಟ್ಟಣಗಳಲ್ಲಿ ತಳಿ ನಾಯಿಗಳಿಗೆ ಬೇಡಿಕೆ ಏರುತ್ತಿತ್ತು. ಹೀಗೆ ಕೋಳಿಯ ಜಾಗಕ್ಕೆ ನಾಯಿ ಬಂದಿತು. ಮುಂದೆ ಪೆನ್ಸಿಲ್ವೇನಿಯ, ಒಹಾಯೊ ರಾಜ್ಯಗಳ ಆಮಿಶ್ ಪಂಗಡದ ರೈತರೂ ಈ ಕಸುಬಿಗೆ ಕೈಹಾಕಿದರು.

ಕಸುಬು ಹಬ್ಬಲು ಕಾರಣ ಸುಲಭವಾಗಿ ತಿಳಿಯುವಂಥದು. ನಾಯಿಗೆ ಎಕರೆಗಟ್ಟಲೆ ಜಮೀನು ಬೇಡ, ಮಳೆ ಬೇಡ. ಮನೆಯ ಹೆಂಗಸರು ಮಕ್ಕಳೇ ನೋಡಿಕೊಳ್ಳಬಹುದು. ಹೆಣ್ಣು ನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಗಬ್ಬದ ಅವಧಿ ಸುಮಾರು 63 ದಿನ. ಬೆದೆಗೆ ಬಂದಾಗಲೆಲ್ಲ ಗಂಡಿನೊಡನೆ ಬಿಟ್ಟರೆ ಎರಡು ವರ್ಷಕ್ಕೆ ಮೂರು ಸೂಲು, ಕೆಲವೊಮ್ಮೆ ನಾಲ್ಕು ಪಡೆಯಬಹುದು. ಕೇಡು ಮೊದಲಾದದ್ದು ಈ ಲೆಕ್ಕದಿಂದಲೇ. ಗೊಬ್ಬರ ಹಾಕದೆ, ಬೀಳು ಬಿಡದೆ ಒಂದೇ ನೆಲದಿಂದ ವರ್ಷಕ್ಕೆ ಮೂರು ಬೆಳೆ ತೆಗೆಯುವವನ ಹೊಲಕ್ಕೆ ಏನಾಗುತ್ತದೆಂಬುದು ರೈತರಿಗೆ ಗೊತ್ತು. ಬಿಡುವಿಲ್ಲದೆ ಈಯುವ ನಾಯಿಯ ಮೈಯೂ ಹಾಗೆಯೇ ಸೊರಗುತ್ತದೆ. ಆದರೆ ಅದರ ಮರಿ ಮಾತ್ರ ಎಂಟು ವಾರಕ್ಕೆ ತುಪ್ಪುಳದ ಉಂಡೆಯಂತೆ ಮುದ್ದಾಗಿಯೇ ಇರುತ್ತದೆ. ತಾಯಿ ಪಟ್ಟ ಪಾಡು ಕೊಳ್ಳುವವನ ಕಣ್ಣಿಗೆ ಬೀಳುವುದಿಲ್ಲ.

ಬೀಜಕ್ಕೂ ಮರಿಗೂ ಇರುವ ಮುಖ್ಯ ವ್ಯತ್ಯಾಸ ಇದು. ಬೀಜದ ಮಾದರಿಯನ್ನು ಅಂಗಡಿಯಲ್ಲಿಯೇ ತೆಗೆದು ಮೊಳಕೆಯ ಪ್ರಮಾಣವನ್ನು ಪರೀಕ್ಷಿಸಬಹುದು. ಮರಿಯನ್ನು ಎಷ್ಟು ತಿರುಗಿಸಿ ನೋಡಿದರೂ ತಾಯಿಯ ಸ್ಥಿತಿ ತಿಳಿಯದು. ರೈತನಿಂದ ದಲ್ಲಾಳಿಗೆ, ದಲ್ಲಾಳಿಯಿಂದ ಲಾರಿಗೆ, ಲಾರಿಯಿಂದ ಸಾವಿರ ಮೈಲಿಯಾಚೆಯ ಅಂಗಡಿಗೆ ಹೋಗುವಷ್ಟರಲ್ಲಿ ಮರಿಯ ಹಿಂದಿನ ಜಾಡು ಅಳಿಸಿಹೋಗಿರುತ್ತದೆ. ಅಂಗಡಿಯ ಬೆಲೆಯಲ್ಲಿ ರೈತನಿಗೆ ಸಿಗುವುದು ಒಂದು ಪಾಲು ಮಾತ್ರ. ಈ ಮಾತು ಟೊಮ್ಯಾಟೊ ಬೆಳೆಯುವ ನಮ್ಮ ರೈತರಿಗೆ ಬಿಡಿಸಿ ಹೇಳಬೇಕಾದದ್ದಲ್ಲ.

ಕೇಂದ್ರ ಕಾಯಿದೆಯ ಅಳತೆ

ಅಮೆರಿಕದ ಕೇಂದ್ರ ಕಾಯಿದೆಯನ್ನು ಜಾರಿಗೆ ತರುವ ಹೊಣೆ ಅಲ್ಲಿನ ಕೃಷಿ ಇಲಾಖೆಯದು. ಗೂಡಿನ ನೆಲಕ್ಕೆ ಇಲಾಖೆಯ ನಿಯಮ ಒಂದು ಸೂತ್ರ ಕೊಡುತ್ತದೆ. ನಾಯಿಯ ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದವನ್ನು ಅಂಗುಲಗಳಲ್ಲಿ ಅಳೆದು, ಅದಕ್ಕೆ 6 ಕೂಡಿಸಿ, ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, 144ರಿಂದ ಭಾಗಿಸಬೇಕು. ಬರುವುದು ಒಂದು ನಾಯಿಗೆ ಬೇಕಾದ ನೆಲ, ಚದರ ಅಡಿಗಳಲ್ಲಿ. ಉದಾಹರಣೆಗೆ 24 ಅಂಗುಲ ಉದ್ದದ ನಾಯಿಗೆ 30ನ್ನು 30ರಿಂದ ಗುಣಿಸಿದರೆ 900. 144ರಿಂದ ಭಾಗಿಸಿದರೆ ಆರೂಕಾಲು ಚದರ ಅಡಿ. ಅಂದರೆ ಎರಡೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ. ಎತ್ತರವು ನಾಯಿಯ ತಲೆಗಿಂತ 6 ಅಂಗುಲ ಹೆಚ್ಚಿದ್ದರೆ ಸಾಕು. ತಂತಿಯ ನೆಲಕ್ಕೂ ನಿಷೇಧವಿಲ್ಲ. ತಂತಿ ಒಂದು ಅಂಗುಲದ ಎಂಟನೆಯ ಒಂದು ಭಾಗಕ್ಕಿಂತ ದಪ್ಪವಾಗಿರಬೇಕು, ಇಲ್ಲವೆ ಅದರ ಮೇಲೆ ಪ್ಲಾಸ್ಟಿಕ್‌ನಂಥ ಲೇಪವಿರಬೇಕು, ಅಷ್ಟೇ.

ಇದು ಕನಿಷ್ಠ ಅಳತೆಯೇ ಹೊರತು ನಾಯಿಗೆ ಹಿತವಾದ ಅಳತೆಯಲ್ಲವೆಂಬುದು ಓದಿದ ಕೂಡಲೇ ತಿಳಿಯುತ್ತದೆ. ಆ ಕನಿಷ್ಠವಾದರೂ ಪಾಲನೆಯಾಗುತ್ತಿತ್ತೇ? ಕೃಷಿ ಇಲಾಖೆಯ ಒಳ ತನಿಖಾ ಅಧಿಕಾರಿಯೇ 2010ರ ಮೇ ತಿಂಗಳಲ್ಲಿ ಹೊರಡಿಸಿದ ವರದಿಯು, ಮತ್ತೆ ಮತ್ತೆ ತಪ್ಪು ಮಾಡುವವರ ವಿಷಯದಲ್ಲಿಯೂ ಇಲಾಖೆಯ ಕ್ರಮ ಪರಿಣಾಮಕಾರಿಯಾಗಿರಲಿಲ್ಲವೆಂದು ಹೇಳಿತು. ಇದಾದ ಮೇಲೆ ಕೆಲವು ತಿದ್ದುಪಡಿಗಳಾದವು. ಕೊಳ್ಳುವವರಿಗೆ ನಾಯಿಯನ್ನು ತೋರಿಸದೆ ಇಂಟರ್ನೆಟ್ ಮೂಲಕ ಮಾರುವವರೂ ಲೈಸೆನ್ಸ್ ಪಡೆಯಬೇಕೆಂದು 2013ರಲ್ಲಿ ನಿಯಮವಾಯಿತು. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಹೆಣ್ಣು ನಾಯಿಗಳನ್ನಿಟ್ಟುಕೊಂಡು ಮನೆಯಲ್ಲೇ ಹುಟ್ಟಿದ ಮರಿ ಮಾರುವವರಿಗೆ ವಿನಾಯಿತಿ ಉಳಿಯಿತು. ಲೈಸೆನ್ಸ್ ಮೂರು ವರ್ಷಕ್ಕೊಮ್ಮೆ ಹೊಸದಾಗಿ ಪಡೆಯಬೇಕು, ನಾಯಿಗಳಿಗೆ ಸದಾ ಕುಡಿಯುವ ನೀರು ಸಿಗುತ್ತಿರಬೇಕು ಎಂಬ ನಿಯಮ ಬಂದದ್ದು 2020ರಲ್ಲಿ. ನೀರಿನಂಥ ವಿಷಯಕ್ಕೆ ಐವತ್ತು ವರ್ಷ ಹಿಡಿದದ್ದು ಆಶ್ಚರ್ಯವೇ ಸರಿ.

ಊರಬಾಗಿಲಲ್ಲಿ ಕಾವಲು

ಒಂದು ನಗರಸಭೆಗೆ ಬೇರೊಂದು ರಾಜ್ಯದ ರೈತನ ಕೊಟ್ಟಿಗೆಯನ್ನು ತಪಾಸಣೆ ಮಾಡುವ ಅಧಿಕಾರವಿಲ್ಲ. ತನ್ನ ಬೀದಿಯ ಅಂಗಡಿಗೆ ಷರತ್ತು ಹಾಕುವ ಅಧಿಕಾರವಿದೆ. ಎಲ್ಲ ಸ್ಥಳೀಯ ಕಾನೂನುಗಳ ಗುಟ್ಟು ಇಷ್ಟೇ. ನಗರಸಭೆಗೆ ಇದರಲ್ಲಿ ಹಣದ ಪ್ರಶ್ನೆಯೂ ಇತ್ತು. ನಮ್ಮ ಊರುಗಳಲ್ಲಿ ಬಿಡಾಡಿ ದನಗಳಿಗೆ ದೊಡ್ಡಿ ಇದ್ದಂತೆ ಅಲ್ಲಿ ಬಿಡಾಡಿ ನಾಯಿಗಳಿಗೆ ಆಶ್ರಯ ಕೇಂದ್ರಗಳಿವೆ. ಕೊಂಡವರು ಬೇಸತ್ತು ಬಿಟ್ಟ ನಾಯಿಗಳು ಅಲ್ಲಿ ತುಂಬುತ್ತವೆ. ಅವುಗಳ ಊಟ, ಔಷಧ, ಕೊನೆಗೆ ದಯಾಮರಣದ ಚುಚ್ಚುಮದ್ದಿನ ಖರ್ಚೂ ತೆರಿಗೆ ಹಣದಿಂದಲೇ ಹೋಗಬೇಕು. ಒಂದು ಕಡೆ ಸಾಯಿಸುತ್ತ ಇನ್ನೊಂದು ಕಡೆ ಲಾರಿಗಟ್ಟಲೆ ಹೊಸ ಮರಿ ತರಿಸುವುದು ಸರಿಯೇ ಎಂದು ಊರಿನವರು ಕೇಳತೊಡಗಿದರು.

ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರವು 2006ರಲ್ಲಿ ಅಂಗಡಿಗಳಲ್ಲಿ ನಾಯಿ ಬೆಕ್ಕು ಮಾರುವುದನ್ನು ತಡೆದು ಮೊದಲ ಹೆಜ್ಜೆಯಿಟ್ಟಿತು. ಕ್ಯಾಲಿಫೋರ್ನಿಯದ ವೆಸ್ಟ್ ಹಾಲಿವುಡ್ 2010ರಲ್ಲಿ, ಲಾಸ್ ಏಂಜಲಿಸ್ 2012ರಲ್ಲಿ, ಸ್ಯಾನ್ ಡಿಯಾಗೊ 2013ರಲ್ಲಿ, ಇಲಿನಾಯ್ ರಾಜ್ಯದ ಷಿಕಾಗೊ 2014ರಲ್ಲಿ ಇಂಥ ಕಾನೂನು ಮಾಡಿದವು. ಈವರೆಗೆ ನಾನೂರಕ್ಕೂ ಹೆಚ್ಚು ನಗರ ಮತ್ತು ಜಿಲ್ಲಾಡಳಿತಗಳು ಈ ದಾರಿ ಹಿಡಿದಿವೆ.

ಎಲ್ಲ ಕಾನೂನುಗಳೂ ಒಂದೇ ಬಗೆಯವಲ್ಲ. ಕೆಲವು ಊರುಗಳಲ್ಲಿ ಮರಿ ಎಲ್ಲಿಂದ ಬಂತೆಂಬ ಚೀಟಿಯನ್ನು ಗೂಡಿಗೆ ಅಂಟಿಸಿದರೆ ಸಾಕು. ನ್ಯೂಯಾರ್ಕ್ ನಗರವು ದಲ್ಲಾಳಿಗಳಿಂದ ಕೊಳ್ಳುವುದನ್ನು ತಡೆದು, ಕೇಂದ್ರ ಲೈಸೆನ್ಸ್ ಇರುವ, ತಪಾಸಣೆಯಲ್ಲಿ ಗಂಭೀರ ತಪ್ಪು ಕಾಣದ ಸಾಕಣೆದಾರರಿಂದ ನೇರವಾಗಿ ಕೊಳ್ಳಬೇಕೆಂದು ಗೊತ್ತುಮಾಡಿತು. ಷಿಕಾಗೊ ಇನ್ನೂ ಮುಂದೆ ಹೋಗಿ, ಅಂಗಡಿಯವರು ಮಾರಬೇಕೆಂದರೆ ಸರ್ಕಾರಿ ದೊಡ್ಡಿ, ಆಶ್ರಯ ಕೇಂದ್ರ ಅಥವಾ ರಕ್ಷಣಾ ಸಂಸ್ಥೆಗಳ ನಾಯಿಗಳನ್ನೇ ತರಬೇಕೆಂದಿತು. ಎರಡನೆಯ ಬಗೆಯ ಕಾನೂನು ರೈತನ ದೃಷ್ಟಿಯಿಂದ ನ್ಯಾಯವಾದದ್ದು, ಏಕೆಂದರೆ ಚೆನ್ನಾಗಿ ಸಾಕುವವನಿಗೂ ಕೆಟ್ಟದಾಗಿ ಸಾಕುವವನಿಗೂ ಅದು ಭೇದ ಮಾಡುತ್ತದೆ. ಆದರೆ ಅದು ನಿಲ್ಲುವುದು ತಪಾಸಣೆಯ ಕಾಗದದ ಮೇಲೆ. 2017ರ ಫೆಬ್ರವರಿಯಲ್ಲಿ ಕೃಷಿ ಇಲಾಖೆಯು ತಪಾಸಣಾ ವರದಿಗಳನ್ನು ತನ್ನ ಸಾರ್ವಜನಿಕ ಕಡತದಿಂದ ಒಮ್ಮೆಲೇ ತೆಗೆದುಹಾಕಿದಾಗ ಇಂಥ ಕಾನೂನುಗಳ ಕಾಲು ಮುರಿದಂತಾಯಿತು. ವರದಿಗಳೆಲ್ಲ ಹಿಂದಕ್ಕೆ ಬರಲು ಸಂಸತ್ತೇ 2019ರ ಡಿಸೆಂಬರಿನಲ್ಲಿ ಆದೇಶಿಸಬೇಕಾಯಿತು.

ಅಂಗಡಿಯವರು ಸುಮ್ಮನಿರಲಿಲ್ಲ. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರವನ್ನು ತಡೆಯುವ ಅಧಿಕಾರ ಒಂದು ಊರಿಗಿಲ್ಲ, ಅದು ಕೇಂದ್ರದ್ದು ಎಂಬುದು ಅವರ ಮುಖ್ಯ ವಾದ. 2017ರಲ್ಲಿ ಎರಡು ಮೇಲ್ಮನವಿ ನ್ಯಾಯಾಲಯಗಳು, ಒಂದು ನ್ಯೂಯಾರ್ಕಿನ ಮೊಕದ್ದಮೆಯಲ್ಲಿ, ಇನ್ನೊಂದು ಷಿಕಾಗೊ ಮೊಕದ್ದಮೆಯಲ್ಲಿ, ಈ ವಾದವನ್ನು ಒಪ್ಪಲಿಲ್ಲ. ಕಾನೂನು ಹೊರರಾಜ್ಯದ ಮರಿಯನ್ನು ತಡೆದು ಒಳರಾಜ್ಯದ ಮರಿಗೆ ದಾರಿ ಬಿಟ್ಟಿದ್ದರೆ ತಪ್ಪಾಗುತ್ತಿತ್ತು. ಎಲ್ಲರಿಗೂ ಒಂದೇ ಷರತ್ತಿರುವುದರಿಂದ ಅಡ್ಡಿಯಿಲ್ಲವೆಂದು ತೀರ್ಮಾನವಾಯಿತು.

ರೋಗದ ಜಾಡು

ದಯೆಯ ಮಾತಿಗೆ ಕಿವಿಗೊಡದವರೂ ರೋಗದ ಮಾತಿಗೆ ಕಿವಿಗೊಟ್ಟರು. 2016ರ ಜನವರಿಯಿಂದ 2018ರ ಫೆಬ್ರವರಿಯವರೆಗೆ ಅಮೆರಿಕದ 18 ರಾಜ್ಯಗಳಲ್ಲಿ 118 ಜನರಿಗೆ ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯದಿಂದ ಬೇಧಿ ಬಂದಿತು. ಅವರಲ್ಲಿ 29 ಜನ ಸಾಕುಪ್ರಾಣಿ ಅಂಗಡಿಗಳ ನೌಕರರು. ರೋಗದ ಮೂಲ ಅಂಗಡಿಯ ನಾಯಿಮರಿಗಳು. ಸಾಮಾನ್ಯವಾಗಿ ಬಳಸುವ ಹಲವು ಔಷಧಗಳಿಗೆ ಆ ಬ್ಯಾಕ್ಟೀರಿಯ ಜಗ್ಗಲಿಲ್ಲ. ವಿವರ ದೊರೆತ 149 ಮರಿಗಳ ದಾಖಲೆ ತೆಗೆದು ನೋಡಿದಾಗ 142 ಮರಿಗಳಿಗೆ, ಎಂದರೆ ನೂರಕ್ಕೆ 95ಕ್ಕೆ, ಮಾರಾಟಕ್ಕೆ ಮೊದಲೇ ಪ್ರತಿಜೈವಿಕ ಔಷಧ ಕೊಟ್ಟದ್ದು ಕಂಡುಬಂದಿತು. ರೋಗ ಬರಲೆಂದು ಕಾಯದೆ ಬಹುಪಾಲು ಮರಿಗಳಿಗೆ ಮುಂಜಾಗ್ರತೆಯೆಂದೇ ಔಷಧ ಹಾಕಲಾಗಿತ್ತು.

ಹಲವು ಕಡೆಯ ಮರಿಗಳನ್ನು ದಲ್ಲಾಳಿಯ ಕೊಟ್ಟಿಗೆಯಲ್ಲಿ, ಲಾರಿಯಲ್ಲಿ, ಅಂಗಡಿಯಲ್ಲಿ ಬೆರೆಸಿದಾಗ ಒಂದರ ರೋಗ ಎಲ್ಲಕ್ಕೂ ಹರಡುತ್ತದೆ. ಅದನ್ನು ತಡೆಯಲು ಶುಚಿತ್ವಕ್ಕೆ ಬದಲಾಗಿ ಔಷಧ ಸುರಿಯುತ್ತಾರೆ. ಔಷಧಕ್ಕೆ ಬಗ್ಗದ ತಳಿ ಉಳಿದು ಬೆಳೆಯುತ್ತದೆ. ಒಂದೇ ಕೀಟನಾಶಕವನ್ನು ಮೇಲಿಂದ ಮೇಲೆ ಹೊಡೆದು ಹತ್ತಿಯ ಕಾಯಿಕೊರಕವನ್ನು ಗಟ್ಟಿಮಾಡಿಕೊಂಡ ರೈತರಿಗೆ ಈ ಸರಪಳಿ ಅಪರಿಚಿತವಲ್ಲ. ಕೋಳಿ, ಹಂದಿ, ಹಸು ಸಾಕುವವರೂ ಗಮನಿಸಬೇಕಾದ ಮಾತಿದು.

ರೈತರ ಅಂಜಿಕೆ

ಸಾಕಣೆದಾರರ ಕಡೆಯಿಂದಲೂ ಈ ವಿಷಯವನ್ನು ನೋಡಬೇಕು. ಅವರ ಕಸುಬನ್ನು ವಿರೋಧಿಗಳು ಮರಿಗಳ ಗಿರಣಿ ಎಂದು ಕರೆಯುತ್ತಾರೆ. ಚೊಕ್ಕಟವಾಗಿ ಸಾಕುವವನಿಗೂ ಅದೇ ಹೆಸರು ಅಂಟುವುದರಿಂದ ಅವರಿಗೆ ನೋವಾಗುವುದು ಸಹಜ. ಮಿಸೌರಿ ರಾಜ್ಯದಲ್ಲಿ 2010ರ ನವೆಂಬರಿನಲ್ಲಿ ನೇರವಾಗಿ ಮತದಾರರ ಮುಂದೆ ಒಂದು ಪ್ರಸ್ತಾಪ ಇಡಲಾಯಿತು: ಒಬ್ಬನು 50ಕ್ಕಿಂತ ಹೆಚ್ಚು ತಳಿ ನಾಯಿ ಇಟ್ಟುಕೊಳ್ಳಬಾರದು, ಗೂಡಿನ ಜಾಗ ಹೆಚ್ಚಿಸಬೇಕು, ಎರಡು ಸೂಲುಗಳ ನಡುವೆ ಬಿಡುವು ಕೊಡಬೇಕು. ನೂರಕ್ಕೆ ಸುಮಾರು 51.6 ಮತಗಳಿಂದ ಅದು ಗೆದ್ದಿತು. ಗೆಲ್ಲಿಸಿದ್ದು ಸೇಂಟ್ ಲೂಯಿಸ್, ಕ್ಯಾನ್ಸಸ್ ಸಿಟಿಗಳ ನಗರದ ಮತ. ಹಳ್ಳಿಗಾಡಿನ ಜಿಲ್ಲೆಗಳು ಬಹುಪಾಲು ವಿರೋಧಿಸಿದವು. ಇಂದು ನಾಯಿಗೆ ಬಂದ ಮಿತಿ ನಾಳೆ ಹಂದಿಗೆ, ದನಕ್ಕೆ ಬಂದೀತು ಎಂಬುದು ರೈತ ಸಂಘಗಳ ಅಂಜಿಕೆ. ಮರುವರ್ಷವೇ ರಾಜ್ಯದ ಶಾಸನಸಭೆಯು ಕಾನೂನನ್ನು ತಿದ್ದಿ 50ರ ಮಿತಿಯನ್ನು ತೆಗೆದುಹಾಕಿತು.

ಈ ಅಂಜಿಕೆ ಪೂರ್ತಿ ಆಧಾರವಿಲ್ಲದ್ದಲ್ಲ. ಆದರೆ ಅಂಗಡಿಯ ಮೇಲಿನ ನಿರ್ಬಂಧವನ್ನು ಇದರೊಡನೆ ಬೆರೆಸಬಾರದು. ನಗರಸಭೆಯ ಕಾನೂನು ರೈತನು ಎಷ್ಟು ನಾಯಿ ಸಾಕಬೇಕೆಂದು ಹೇಳುವುದಿಲ್ಲ. ತನ್ನ ಮನೆಯಲ್ಲಿ, ತಾಯಿಯನ್ನು ತೋರಿಸಿ ಮರಿ ಮಾರುವುದನ್ನು ತಡೆಯುವುದೂ ಇಲ್ಲ. ತೋರಿಸಲು ಅಂಜಿಕೆಯಿಲ್ಲದ ಸಾಕಣೆದಾರನಿಗೆ ಹೋದದ್ದು ದಲ್ಲಾಳಿ ಮಾತ್ರ. ದಲ್ಲಾಳಿ ಇಲ್ಲದೆ ಮಾರಲಾಗದವನಿಗೆ ಮಾರುಕಟ್ಟೆಯೇ ಹೋಯಿತು. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್ 6ರಿಂದ ಜಾರಿಗೆ ಬಂದ ಕಾನೂನು ಇದನ್ನೇ ನೇರವಾಗಿ ಹೇಳುತ್ತದೆ: ಆರು ತಿಂಗಳೊಳಗಿನ ಮರಿಯನ್ನು ಸಾಕಿದವನೇ ಮಾರಬೇಕು, ಮೂರನೆಯವನು ಮಾರಬಾರದು.

ರಾಜ್ಯಗಳು ಎರಡು ದಿಕ್ಕಿಗೆ ಎಳೆದಿವೆ. ಅರಿಜೋನ, ಒಹಾಯೊ ರಾಜ್ಯಗಳು 2016ರಲ್ಲಿ ನಗರಸಭೆಗಳ ಕೈಕಟ್ಟುವ ಕಾನೂನು ಮಾಡಿದವು. ಅರಿಜೋನದ ಫೀನಿಕ್ಸ್ ನಗರವು ನ್ಯಾಯಾಲಯದಲ್ಲಿ ಗೆದ್ದ ಮರುವರ್ಷವೇ ತನ್ನ ಕಾನೂನನ್ನು ಹೀಗೆ ಕಳೆದುಕೊಂಡಿತು. ಇನ್ನೊಂದೆಡೆ ಕ್ಯಾಲಿಫೋರ್ನಿಯ 2019ರಿಂದ, ಮೇರಿಲ್ಯಾಂಡ್ 2020ರಿಂದ, ನ್ಯೂಯಾರ್ಕ್ ರಾಜ್ಯ 2024ರ ಡಿಸೆಂಬರಿನಿಂದ ಅಂಗಡಿಯಲ್ಲಿ ನಾಯಿ ಮಾರುವುದನ್ನು ರಾಜ್ಯದ ಉದ್ದಗಲಕ್ಕೂ ನಿಲ್ಲಿಸಿವೆ.

ಬೇಲಿಯ ಕಂಡಿಗಳು

ಬೇಲಿ ಹಾಕಿದ ಮೇಲೆ ಕಂಡಿ ಹುಡುಕುವವರಿದ್ದೇ ಇರುತ್ತಾರೆ. ರಕ್ಷಣಾ ಸಂಸ್ಥೆಗಳಿಂದ ಬಂದ ನಾಯಿಯನ್ನು ಮಾರಬಹುದೆಂದು ಕಾನೂನು ಹೇಳಿದ್ದರಿಂದ, ಕೆಲವರು ಹೆಸರಿಗೊಂದು ರಕ್ಷಣಾ ಸಂಸ್ಥೆ ಕಟ್ಟಿ, ತಳಿ ಮರಿಗಳನ್ನೇ ಅದರ ಮೂಲಕ ಸಾಗಿಸಿ, ಅಂಗಡಿಯಲ್ಲಿ ಸಾವಿರಾರು ಡಾಲರ್‌ಗೆ ಮಾರತೊಡಗಿದರು. 2019ರಲ್ಲಿ ಅಯೋವಾ ರಾಜ್ಯ ಸರ್ಕಾರವೇ ಇಂಥ ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿತು. 2021ರಲ್ಲಿ ಕ್ಯಾಲಿಫೋರ್ನಿಯ ಮತ್ತು ಷಿಕಾಗೊ ಈ ಕಂಡಿಯನ್ನು ಮುಚ್ಚಿದವು. ಇಂಟರ್ನೆಟ್ ಮಾರಾಟದ ಕಂಡಿ ಇದಕ್ಕಿಂತ ದೊಡ್ಡದು. ಅಂಗಡಿಗೆ ಬೀಗ ಹಾಕಿಸಿದ ನಗರಸಭೆಗೆ ಟಪಾಲಿನಂತೆ ಮನೆಬಾಗಿಲಿಗೆ ಬರುವ ಮರಿಯನ್ನು ತಡೆಯುವ ಉಪಾಯ ಇನ್ನೂ ಸರಿಯಾಗಿ ಸಿಕ್ಕಿಲ್ಲ.

ಮುಧೋಳದ ಸಾಕಣೆದಾರರಿಗೆ

ನಮ್ಮ ದೇಶದಲ್ಲಿ ಈ ನಿಯಮಗಳನ್ನು ಕೇಂದ್ರ ಸರ್ಕಾರವೇ ಮಾಡಿದೆ. ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳು 2017ರಲ್ಲಿ, ಸಾಕುಪ್ರಾಣಿ ಅಂಗಡಿಗಳ ನಿಯಮಗಳು 2018ರಲ್ಲಿ ಬಂದವು. ಎರಡಕ್ಕೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬೇಕು. ಅಮೆರಿಕದ ಕೇಂದ್ರ ಕಾಯಿದೆ ಬಿಟ್ಟ ಚಿಲ್ಲರೆ ಅಂಗಡಿಯನ್ನು ನಮ್ಮ ನಿಯಮ ಬಿಟ್ಟಿಲ್ಲ. ಕಾಗದದ ಮೇಲೆ ನಮ್ಮದೇ ಹೆಚ್ಚು ಪೂರ್ಣವಾದುದು. ನೋಂದಣಿ ಮಾಡಿಸಿದವರು ಎಷ್ಟು ಮಂದಿ ಎಂಬ ಪ್ರಶ್ನೆ ಬೇರೆ.

ಮುಧೋಳ ತಳಿಯನ್ನು ಘೋರ್ಪಡೆ ಅರಸು ಮನೆತನದವರು ಪೋಷಿಸಿದರು, ಉಳಿಸಿಕೊಂಡು ಬಂದವರು ಸುತ್ತಲ ಹಳ್ಳಿಗಳ ರೈತರು. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರದ ಅಂಚೆಚೀಟಿ ಹೊರಡಿಸಿತು. ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವು ಮುಧೋಳದ ಬಳಿಯ ತಿಮ್ಮಾಪುರದಲ್ಲಿದೆ. ಭಾರತೀಯ ಸೇನೆಯೂ ಇಲ್ಲಿಯ ಮರಿಗಳನ್ನು ತರಬೇತಿಗೆ ಒಯ್ದಿದೆ. ಹೆಸರು ಬಂದಾಗ ದಲ್ಲಾಳಿಯೂ ಬರುತ್ತಾನೆ. ಇದು ಓಡುವ ನಾಯಿ, ಗೂಡಿನ ನಾಯಿಯಲ್ಲ. ಮೈಮೇಲೆ ಕೊಬ್ಬು ಕಡಿಮೆ, ಚರ್ಮ ತೆಳು. ಇದನ್ನು ಕೋಳಿಗೂಡಿನ ಲೆಕ್ಕದಲ್ಲಿ ಸಾಕಿದರೆ ತಳಿಯ ಗುಣವೇ ಹಾಳಾದೀತು.

ನಿಯಮದ ಪ್ರಕಾರ ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮೊದಲು ಮತ್ತು ಎಂಟು ವರ್ಷ ದಾಟಿದ ಮೇಲೆ ಗಬ್ಬ ಕಟ್ಟಿಸುವಂತಿಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು. ಜೀವಮಾನಕ್ಕೆ ಐದೇ ಸೂಲು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಮರಿಯ ಚರ್ಮದಡಿ ಮೈಕ್ರೊಚಿಪ್ ಹಾಕಿಸಬೇಕು. ಅಕ್ಕಿಕಾಳಿನಷ್ಟು ದೊಡ್ಡದಾದ ಇದರಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ. ಹಸುವಿನ ಕಿವಿಗೆ ಹಾಕುವ 12 ಅಂಕಿಯ ಬಿಲ್ಲೆ ಮಾಡುವ ಕೆಲಸವನ್ನೇ ಇದು ಮಾಡುತ್ತದೆ.

ಮರಿಗಳಿಗೆ ಎರಡನೆಯ ವಾರದಿಂದ ಹದಿನೈದು ದಿನಕ್ಕೊಮ್ಮೆ ಜಂತುಹುಳುವಿನ ಔಷಧ, ಆರರಿಂದ ಎಂಟನೆಯ ವಾರದಲ್ಲಿ ಪಾರ್ವೊ ಮತ್ತು ಡಿಸ್ಟೆಂಪರ್ ರೋಗಗಳ ಮೊದಲ ಲಸಿಕೆಯನ್ನು ಪಶುವೈದ್ಯರಿಂದ ಕೊಡಿಸಬೇಕು. ಹುಚ್ಚುನಾಯಿ ರೋಗದ ಲಸಿಕೆ ಮೂರನೆಯ ತಿಂಗಳಿಗೆ ಬೀಳುವುದರಿಂದ ಅದು ಕೊಂಡವನ ಹೊಣೆಗೆ ಸೇರುತ್ತದೆ. ಮಾರುವಾಗಲೇ ಅದರ ತಾರೀಕನ್ನು ಬರೆದುಕೊಡುವುದು ಒಳ್ಳೆಯದು. ಎರಡು ರೂಲು ಪುಸ್ತಕ ಸಾಕು. ಒಂದರಲ್ಲಿ ತಾಯಿ ನಾಯಿಯ ಹುಟ್ಟಿದ ತಾರೀಕು, ಬೆದೆ, ಕೂಡಿಸಿದ ಗಂಡು, ಸೂಲಿನ ಸಂಖ್ಯೆ, ಸತ್ತ ಮರಿಗಳೂ ಸೇರಿ ಹುಟ್ಟಿದವೆಷ್ಟು ಎಂಬುದನ್ನು ಬರೆಯಬೇಕು. ಇನ್ನೊಂದರಲ್ಲಿ ಪ್ರತಿ ಮರಿಯ ಚಿಪ್ಪಿನ ಸಂಖ್ಯೆ, ಲಸಿಕೆಯ ತಾರೀಕು, ಕೊಂಡವರ ವಿಳಾಸ ಬರೆದು ಅವರ ಸಹಿ ಹಾಕಿಸಿಕೊಳ್ಳಬೇಕು. ಮರಿ ನೋಡಲು ಬಂದವರಿಗೆ ಮೊದಲು ತಾಯಿಯನ್ನು ತೋರಿಸುವುದು ರೂಢಿಯಾಗಲಿ. ಹೊರಗಿನವರು ಬಾಣಂತಿ ನಾಯಿಯ ಹತ್ತಿರ ಹೋಗುವ ಮುನ್ನ ಕೈಕಾಲು ತೊಳೆಯಲು ಸೋಪು, ನೀರು ಬಾಗಿಲಲ್ಲೇ ಇರಲಿ.